ಎಂಬತ್ತಾರು ಎಂದು ಬರೆದ ದಿನ

ಬೆಲ್ಲದ ಪಾಕ, ಒಣದ್ರಾಕ್ಷಿ, ಧಾತಕಿ ಹೂ, ಜೊತೆಗೆ ಒಂದಿಷ್ಟು ಲವಂಗ. ಇವೆಲ್ಲ ಸೇರಿ ಹುಳಿಯಲು ಶುರುವಾದಾಗ ಬರುವ ವಾಸನೆ ನನಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಅಗ್ರಹಾರದ ನಮ್ಮ ಬೀದಿಯ ಕೊನೆಯಲ್ಲಿ ಪಂಡಿತ ಲಕ್ಷ್ಮೀನರಸಿಂಹಯ್ಯನವರ ಔಷಧಶಾಲೆ ಇತ್ತು. ಅಲ್ಲಿ ದ್ರಾಕ್ಷಾರಿಷ್ಟಕ್ಕೆ ಹಾಕಿದ ಮೂರನೆಯ ದಿನ ವಾಸನೆ ನಮ್ಮ ನಡುಮನೆಯವರೆಗೂ ಬರುತ್ತಿತ್ತು. ಅಜ್ಜಿ ಮೂಗರಳಿಸಿ, "ಪಂಡಿತರ ಗಡಿಗೆ ಉಸಿರಾಡ್ತಿದೆ ಕಣೆ" ಅನ್ನುತ್ತಿದ್ದರು. ಉಸಿರಾಡುತ್ತದೆ ಅಂದಮೇಲೆ ಒಳಗೆ ಯಾರೋ ಇರಬೇಕು ಎಂದುಕೊಂಡು ನಾನು ಆ ಗೋಡೆಯ ಪಕ್ಕ ಬಂದಾಗಲೆಲ್ಲ ಓಡುತ್ತಿದ್ದೆ.

ಅದೇ ಗೋಡೆಯ ಒಳಗೆ ನಾನು ಕೆಲಸಕ್ಕೆ ಸೇರಿದ್ದು ೧೯೫೮ರ ಮಾರ್ಚಿನಲ್ಲಿ. ಮಹಾರಾಣಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದ್ದೆ. ನನಗೆ ಇಪ್ಪತ್ತೊಂದು. ಮನೆಯಲ್ಲಿ ಸೋದರಮಾವಂದಿರು ಸೇರಿ, ಹೆಣ್ಣುಮಗು ಗಂಡಸರ ನಡುವೆ ಸೀಸೆ ತೊಳೆಯಲು ಹೋಗುವುದೇ ಎಂದು ಎರಡು ದಿನ ವಾದ ಮಾಡಿದರು. ಕೊನೆಗೆ ದೊಡ್ಡ ಮಾವ, "ಹೋಗಲಿ, ಒಂದು ತಪ್ಪು ಆದ ದಿನ ತಾನೇ ವಾಪಸ್ ಬರ್ತಾಳೆ" ಎಂದರು. ಆ ಮಾತನ್ನು ಒಪ್ಪಿಗೆ ಎಂದು ತಿಳಿದುಕೊಂಡೇ ನಾನು ಮನೆಯ ಹೊಸಿಲು ದಾಟಿದ್ದು.

ಪಂಡಿತರಿಗೆ ನಾನು ಬೇಕಾದದ್ದು ಒಂದು ತೊಟ್ಟಿಯ ಸಲುವಾಗಿ. ತಲೆತಲಾಂತರದಿಂದ ಅವರ ಮನೆಯಲ್ಲಿ ಅರಿಷ್ಟವನ್ನು ಹತ್ತು ಸೇರಿನ ಮಣ್ಣಿನ ಗಡಿಗೆಗಳಲ್ಲಿ ಹಾಕಿ, ಬಾಯಿಗೆ ಬಟ್ಟೆ ಸುತ್ತಿ ಜೇಡಿಮಣ್ಣು ಮೆತ್ತಿ, ಭತ್ತದ ರಾಶಿಯಲ್ಲಿ ಹೂತಿಡುತ್ತಿದ್ದರು. ರಾಶಿಯ ಕಾವಿನಲ್ಲಿ ಅದು ಒಂದು ತಿಂಗಳು ಹುಳಿಯುತ್ತಿತ್ತು. ಅವರ ತಮ್ಮ ದೊರೆಸ್ವಾಮಿಯವರು ವ್ಯಾಪಾರ ನೋಡಿಕೊಳ್ಳುವವರು. ಅವರು ಎಲ್ಲಿಂದಲೋ ಆಳೆತ್ತರದ ತೇಗದ ತೊಟ್ಟಿಯೊಂದನ್ನು ತಂದು ನಿಲ್ಲಿಸಿದರು. ಮೊದಲ ಸಲ ಅದನ್ನೂ ಗಡಿಗೆಯ ಹಾಗೆಯೇ ಭತ್ತದ ಹೊಟ್ಟಿನಲ್ಲಿ ಕುತ್ತಿಗೆಯವರೆಗೆ ಮುಚ್ಚಿದರಂತೆ. ಹುಳಿಯುವಾಗ ದ್ರವ ತಾನೇ ಶಾಖ ಹುಟ್ಟಿಸುತ್ತದೆ. ಗಡಿಗೆ ಚಿಕ್ಕದು, ಆ ಶಾಖ ಅದರ ಮೈಯಿಂದ ಸೋರಿಹೋಗುತ್ತದೆ. ತೊಟ್ಟಿಯ ಹೊಟ್ಟೆಯೊಳಗೆ ಹುಟ್ಟಿದ್ದು ಅಲ್ಲೇ ಕೂಡುತ್ತಾ ಹೋಗುತ್ತದೆ. ಐದನೆಯ ದಿನಕ್ಕೆ ಕೈ ಇಡಲಾಗದಷ್ಟು ಕಾದು, ಹುಳಿಸುವ ಜೀವಾಣು ಸತ್ತು, ತೊಟ್ಟಿಯ ತುಂಬ ಕೆಟ್ಟ ಹುಳಿನೀರು ಉಳಿಯಿತು.

ಎರಡನೆಯ ಸಲ ತೊಟ್ಟಿಯೊಳಗೆ ಕಲಾಯಿ ಮಾಡಿಸಿದ ತಾಮ್ರದ ಸುರುಳಿ ಕೊಳವೆ ಇಳಿಸಿದ್ದರು. ಮೇಲಿನ ಪೀಪಾಯಿಯಿಂದ ಬಾವಿನೀರು ಅದರೊಳಗೆ ಹರಿದು, ಶಾಖ ಹೊತ್ತು ಹೊರಗೆ ಬರುತ್ತದೆ. ನಲ್ಲಿಯನ್ನು ಎಷ್ಟು ತಿರುಗಿಸಬೇಕು ಎಂಬುದೇ ನನ್ನ ಉದ್ಯೋಗ. ಎಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ದಾಟಬಾರದು, ಎಪ್ಪತ್ತೆಂಟಕ್ಕೆ ಇಳಿಯಬಾರದು. ಗಂಟೆಗೊಮ್ಮೆ ಏಣಿ ಹತ್ತಿ, ಮುಚ್ಚಳದ ತೂತಿನಿಂದ ದಾರಕ್ಕೆ ಕಟ್ಟಿದ ಥರ್ಮಾಮೀಟರನ್ನು ಇಳಿಸಿ, ಮೇಲೆತ್ತಿ, ಓದಿ, ರಿಜಿಸ್ಟರಿನಲ್ಲಿ ಬರೆಯಬೇಕು. ಥರ್ಮಾಮೀಟರು ಇದ್ದದ್ದು ಒಂದೇ.

ನನ್ನ ಜೊತೆಗಿದ್ದವರು ಕೆಂಪಯ್ಯ. ಇಲವಾಲದ ಒಕ್ಕಲು ಮನೆಯವರು, ಮೂವತ್ತು ವರ್ಷದಿಂದ ಅಲ್ಲೇ ಗಡಿಗೆ ಹೂಳುತ್ತಿದ್ದವರು. ತೊಟ್ಟಿಗೆ ಕೈಯ ಹಿಂಭಾಗ ಒತ್ತಿ, "ಈಗ ಎಳೇ ಕರಾ ಮೈಯಂಗೈತೆ ಅಮ್ಮಾವ್ರೆ" ಅನ್ನುತ್ತಿದ್ದರು. ನಾನು ಏಣಿ ಹತ್ತಿ ನೋಡಿದರೆ ಎಂಬತ್ತನಾಲ್ಕು. ನನ್ನ ಓದಿಗೆ ಅವರು ನಗುತ್ತಿರಲಿಲ್ಲ. ಏಣಿಯ ಕೆಳಗಿನ ಮೆಟ್ಟಿಲು ಸಡಿಲವಿತ್ತು. ನಾನು ಹತ್ತುವಾಗಲೆಲ್ಲ ಬೇರೇನೋ ಕೆಲಸ ಮಾಡುತ್ತಿರುವ ಹಾಗೆ ಬಂದು ಅದರ ಮೇಲೆ ಕಾಲಿಟ್ಟು ನಿಲ್ಲುತ್ತಿದ್ದರು.

ಏಪ್ರಿಲ್ ನಡುವಿನ ಒಂದು ಮಂಗಳವಾರ. ಹೆಂಚಿನಿಂದ ಧಗೆ ಇಳಿಯುತ್ತಿತ್ತು. ತೊಟ್ಟಿಗೆ ಅದು ನಾಲ್ಕನೆಯ ದಿನ, ಹುಳಿ ಉಕ್ಕುವ ದಿನ. ಕಿವಿಯಿಟ್ಟರೆ ಒಳಗೆ ಅಕ್ಕಿ ಹುರಿದ ಹಾಗೆ ಸದ್ದು. ಮಧ್ಯಾಹ್ನ ಎರಡು ಗಂಟೆಗೆ ಎಂಬತ್ತೇಳು ಇತ್ತು. ನಾನು ಗಾಬರಿಯಲ್ಲಿ ನಲ್ಲಿಯನ್ನು ಪೂರ್ತಿ ತಿರುಗಿಸಿ, ಅರ್ಧ ಗಂಟೆಯೂ ಕಾಯದೆ ಮತ್ತೆ ಏಣಿ ಹತ್ತಿದೆ. ದಾರ ಬೇಗ ಬಿಟ್ಟೆ. ಕೆಳಗೆ ಎಲ್ಲೋ ಕೊಳವೆಗೆ ತಾಗಿದ ಸಣ್ಣ ಸದ್ದು. ಬಳೆ ಬಳೆಗೆ ತಾಗಿದರೆ ಬರುವಷ್ಟೇ ಸದ್ದು.

ಮೇಲೆತ್ತಿದೆ. ಗಾಜಿನ ಕಡ್ಡಿ ಬಂತು. ಅದರ ತುದಿಯ ಪಾದರಸದ ಬುರುಡೆ ಇರಲಿಲ್ಲ.

ಪಾದರಸ ವಿಷ ಎಂದು ನಮಗೆ ಕಾಲೇಜಿನಲ್ಲಿ ಮೊದಲ ವಾರವೇ ಹೇಳಿದ್ದರು. ಈ ತೊಟ್ಟಿಯಲ್ಲಿದ್ದದ್ದು ಬಾಣಂತಿಯರೂ ಮುದುಕರೂ ಕುಡಿಯುವ ಔಷಧಿ. ನಾನು ಏಣಿಯ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ. ದೊಡ್ಡ ಮಾವನ ಮಾತು ಮಾತ್ರ ಕಿವಿಯಲ್ಲಿ ಇತ್ತು. ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸೀಸೆಗೆ ತುಂಬಲು ಇನ್ನೂ ಒಂದು ತಿಂಗಳಿದೆ. ಅಷ್ಟರಲ್ಲಿ ಹೇಳುತ್ತೇನೆ. ಇಲ್ಲವೇ ತಳವನ್ನು ಬಿಟ್ಟು ಮೇಲಿನದನ್ನು ಸೋಸಿದರಾಯಿತು. ಇವತ್ತೇ ಹೇಳಬೇಕಾಗಿಲ್ಲ. ಇವತ್ತು ಯಾರೂ ಇದನ್ನು ಕುಡಿಯುವುದಿಲ್ಲ.

ಒಡೆದ ಕಡ್ಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಇಳಿದೆ. ಮೂರು ಗಂಟೆಯ ಲೆಕ್ಕ ಬರೆಯಬೇಕಿತ್ತು. "ಕೆಂಪಯ್ಯ, ನಿಮ್ಮ ಕೈಗೆ ಈಗ ಎಷ್ಟು ಬಿಸಿ ಅನ್ನಿಸ್ತದೆ?" ಎಂದು ಕೇಳಿದೆ.

ಅವರು ಹಲ್ಲು ಬಿಟ್ಟು ನಕ್ಕರು. "ಏನವ್ವ, ನಿಮ್ ಗಾಜಿನ ಕಡ್ಡೀಗಿಂತ ನನ್ ಕೈಯೇ ವಾಸಿ ಅಂತಾಯ್ತಾ?"

"ಸುಮ್ಮನೆ ಕೇಳಿದೆ."

"ಮರದ ಮೇಲ್ ಕೈ ಇಟ್ರೆ ಒಳಗಿಂದು ಗೊತ್ತಾಗಾಕಿಲ್ಲ. ಇರಿ" ಎಂದವರೇ ತಳದ ನಲ್ಲಿಯಿಂದ ಹಿತ್ತಾಳೆ ಚೊಂಬಿಗೆ ಒಂದಿಷ್ಟು ಬಿಟ್ಟುಕೊಂಡು, ಕಿರುಬೆರಳು ಅದ್ದಿದರು. "ಎಳೇ ಕರಾನೇ ಐತೆ. ಎದರ್ಬ್ಯಾಡಿ."

ನಾನು ರಿಜಿಸ್ಟರಿನಲ್ಲಿ ಎಂಬತ್ತಾರು ಎಂದು ಬರೆದೆ. ನಾಲ್ಕು ಗಂಟೆಗೆ ಮತ್ತೆ ಕೇಳಿದೆ, ಐದಕ್ಕೂ ಕೇಳಿದೆ. ಅವರು ಮತ್ತೆ ಮತ್ತೆ ತಳದಿಂದಲೇ ಬಿಟ್ಟು ನೋಡಿ ಹೇಳಿದರು. ನಾನು ಎಂಬತ್ತಾರು, ಎಂಬತ್ತೈದು ಎಂದು ಬರೆದೆ. ಚೊಂಬಿನಲ್ಲಿ ಉಳಿದದ್ದು ಏನಾಯಿತು ಎಂದು ನಾನು ನೋಡಲಿಲ್ಲ. ಮನೆಗೆ ಹೋಗಿ ತಲೆನೋವೆಂದು ಹೇಳಿ ಮಲಗಿದೆ.

ಬೆಳಿಗ್ಗೆ ಎಂಟಕ್ಕೆ ಹೋದಾಗ ಕೆಂಪಯ್ಯ ಬಂದಿರಲಿಲ್ಲ. ಒಣದ್ರಾಕ್ಷಿಯ ತೊಟ್ಟು ಬಿಡಿಸುವ ಪುಟ್ಟತಾಯಮ್ಮ ಮೊರ ಹಿಡಿದು ಕೂತಿದ್ದಳು.

"ಕೆಂಪಯ್ಯ ಎಲ್ಲಿ?"

"ಮಧ್ಯಾನ ಬತ್ತಾನಂತೆ ಕಣಮ್ಮ. ಮೊಮ್ಮಗೀಗೆ ತೊಟ್ಲು ತರ್ಬೇಕಂತೆ. ಮಗಳು ಶಿವನಂಜಿ ಹೆತ್ತು ಅನ್ನೊಂದು ದಿನ ಆಯ್ತಲ್ಲ." ಆಮೇಲೆ ಸ್ವರ ತಗ್ಗಿಸಿ ನಕ್ಕಳು. "ಅಜ್ಜಯ್ಯಂಗೆ ನೆನ್ನೆ ಒಳ್ಳೇ ಯೋಗ. ಅರ್ಧ ಸೀಸೆ ಅರಿಷ್ಟ ಸಿಕ್ತು."

"ಯಾವ ಅರಿಷ್ಟ?"

"ಅದೇ, ನೀವು ಬಿಸಿ ನೋಡಾಕೆ ತೆಗ್ಸುದ್ರಲ್ಲ. ತೊಟ್ಟಿಯಿಂದ ತೆಗ್ದಿದ್ದ ತಿರುಗಾ ಸುರಿಯಂಗಿಲ್ವಲ್ಲ, ಕೆಟ್ಟೋಯ್ತದೆ. ಚೆಲ್ಲೋದ್ಯಾಕೆ ಅಂತ ಬಾಣಂತೀಗೆ ಕೊಂಡೋದ. ಬುದ್ಧಿಯೋರಿಗೆ ಏಳ್ಬುಟ್ಟೀರಾ ಮತ್ತೆ!"

ಒಮ್ಮೆ ಹೊರತೆಗೆದ ಅರಿಷ್ಟವನ್ನು ಮತ್ತೆ ಒಳಗೆ ಸುರಿಯಬಾರದು. ಆ ಮನೆಯ ಮೊದಲ ಕಟ್ಟಳೆ ಅದು. ನಾನು ಕೆಲಸಕ್ಕೆ ಸೇರಿದ ದಿನವೇ ಪಂಡಿತರು ಹೇಳಿದ್ದರು, ಅದು ಸರಿಯೆಂದು ನಾನೂ ತಲೆಯಾಡಿಸಿದ್ದೆ. ತಳದ ನಲ್ಲಿ. ಪಾದರಸ ಹೋಗಿ ಕೂರುವುದು ತಳದಲ್ಲೇ. ಪುಟ್ಟತಾಯಮ್ಮ ಏನೋ ಕೇಳುತ್ತಲೇ ಇದ್ದಳು, ನನಗೆ ಅವಳ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು.

ಪಂಡಿತರು ಹಜಾರದಲ್ಲಿ ಚಾಪೆಯ ಮೇಲೆ ಕೂತು ಏನೋ ಬರೆಯುತ್ತಿದ್ದರು. ದೊರೆಸ್ವಾಮಿಯವರು ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಥರ್ಮಾಮೀಟರು ಒಡೆದದ್ದು, ಸುಳ್ಳು ಬರೆದದ್ದು, ಕೆಂಪಯ್ಯ ತಿಳಿಯದೆ ಒಯ್ದದ್ದು. ಮನೆಯಲ್ಲಿ ಬಿಡಲು ಹೆದರಿ ಅವತ್ತೂ ಸೆರಗಿನಲ್ಲಿ ಕಟ್ಟಿ ತಂದಿದ್ದ ಒಡೆದ ಕಡ್ಡಿಯನ್ನು ಚಾಪೆಯ ಮೇಲಿಟ್ಟೆ.

ದೊರೆಸ್ವಾಮಿಯವರು ಪತ್ರಿಕೆ ಮಡಚಿದರು. "ಪಾದರಸ ಅಷ್ಟೇ ತಾನೇನಮ್ಮ? ಒಳಗೆ ಬೀರುವಿನಲ್ಲಿ ಸೀಸೆಗಟ್ಟಲೆ ಇದೆಯಲ್ಲ. ನಮ್ಮಣ್ಣ ಅದರಲ್ಲೇ ಮಾತ್ರೆ ಕಟ್ಟೋದು. ಇದಕ್ಕೆ ಹೀಗೆ ನಡುಗೋದಾ?"

ಪಂಡಿತರು ತಲೆ ಎತ್ತಲಿಲ್ಲ. ಲೇಖನಿಯ ಮುಚ್ಚಳ ಹಾಕಿದರು. "ಅದನ್ನ ತಿಂಗಳುಗಟ್ಟಲೆ ಅರೆದು, ತೊಳೆದು, ಸುಟ್ಟು, ಆಮೇಲೂ ಹೆದರಿ ಹೆದರಿ ಎಳ್ಳುಕಾಳಿನಷ್ಟು ಕೊಡ್ತೀನಿ ದೊರೆ. ಹಸೀ ಬಾಣಂತಿಗೆ ಅದನ್ನೂ ಕೊಡೋಲ್ಲ. ಕಾರು ತೆಗಿ."

"ಅಣ್ಣ, ತೊಟ್ಟಿ..."

"ಆ ಕೋಣೆಗೆ ಬೀಗ ಹಾಕು. ನಾಳೆ ಎಲ್ಲಾದರೂ ಗುಂಡಿ ತೋಡಿಸಿ ಸುರಿದರಾಯ್ತು. ಕಾರು ತೆಗಿ ಅಂದೆ."

ಇಲವಾಲಕ್ಕೆ ಹೋಗುವ ಹುಣಸೂರು ರಸ್ತೆ ಅವತ್ತಿನಷ್ಟು ಉದ್ದ ಯಾವತ್ತೂ ಇರಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಿದ್ದೆ. ಹೂಟಗಳ್ಳಿ ದಾಟುವಾಗ ಹುಲ್ಲಿನ ಗಾಡಿಗಳ ಸಾಲು ಎದುರಾಯಿತು. ಎತ್ತುಗಳು ಕಾರಿಗೆ ಬೆದರಿ ಅಡ್ಡ ತಿರುಗಿದವು. ಗಾಡಿಯವನು, "ಏನ್ ಸ್ವಾಮಿ, ಮದ್ವೆ ಮುಹೂರ್ತ ಮೀರ್ತದಾ?" ಎಂದು ಕೂಗಿದ. ದೊರೆಸ್ವಾಮಿಯವರು ಕಾರನ್ನು ರಸ್ತೆಯ ಅಂಚಿಗೆ ಇಳಿಸಿ ಮುಂದೆ ನುಗ್ಗಿಸಿದರು. ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಕೆಂಪಯ್ಯನಿಗೆ ಸಂಜೆ ಆರಕ್ಕೆ ಬಸ್ಸು, ಏಳಕ್ಕೆ ಮನೆ. ರಾತ್ರಿ ಊಟದ ಮೇಲೆ ಒಂದು ಸಲ, ಬೆಳಿಗ್ಗೆ ಒಂದು ಸಲ. ಈಗ ಒಂಬತ್ತೂ ಕಾಲು. ಎಷ್ಟು ಸಲ ಲೆಕ್ಕ ಹಾಕಿದರೂ ಅವಳು ಅಷ್ಟರಲ್ಲಿ ಕುಡಿದೇ ಇರುತ್ತಿದ್ದಳು.

ಇಲವಾಲದಲ್ಲಿ ಕಾರು ನಿಂತಾಗ ಕೆಂಪಯ್ಯ ಜಗಲಿಯಲ್ಲಿ ತೊಟ್ಟಿಲಿಗೆ ಹಗ್ಗ ಹೊಸೆಯುತ್ತಿದ್ದರು. ಪಂಡಿತರನ್ನು ತಮ್ಮ ಮನೆಬಾಗಿಲಲ್ಲಿ ಕಂಡು ಹಗ್ಗ ಕೈಯಲ್ಲಿ ಹಿಡಿದೇ ಎದ್ದು ನಿಂತರು. ಪಂಡಿತರು ಸೀಸೆ ಎಲ್ಲಿ ಎಂದು ಕೇಳುವಷ್ಟರಲ್ಲಿ ಕೆಂಪಯ್ಯನ ಹೆಂಡತಿ ಕೆಂಚಮ್ಮ ಹೊರಗೆ ಬಂದರು.

"ಕದ್ದಿದ್ದಲ್ಲ ಬುದ್ಧಿ, ಚೆಲ್ಲೋದು ಅಂತ ತಂದ್ರು..."

"ಕದ್ದದ್ದು ಅಂತ ಯಾರಮ್ಮ ಅಂದರು? ಮಗಳಿಗೆ ಕೊಟ್ಟೆಯಾ?"

"ರಾತ್ರಿ ಒಂದು ಚಮಚ, ಒತ್ತಾರೆ ಒಂದು. ಮಗೀಗೂ ಒಂದು ತೊಟ್ಟು ನಾಲ್ಗೆಗೆ ನೆಕ್ಕಿಸ್ದೆ. ಒಳ್ಳೇದು ತಾನೆ?"

ಮಗು. ಮಗುವನ್ನು ನಾನು ದಾರಿಯುದ್ದಕ್ಕೂ ಲೆಕ್ಕಕ್ಕೆ ಹಿಡಿದೇ ಇರಲಿಲ್ಲ.

ಪಂಡಿತರು ಸೀಸೆಯನ್ನು ಅಲ್ಲಾಡಿಸದಂತೆ ಎರಡೂ ಕೈಯಲ್ಲಿ ತಂದು, ಹಿತ್ತಾಳೆ ತಟ್ಟೆಯೊಂದಕ್ಕೆ ಮೆಲ್ಲಗೆ, ಬಹಳ ಮೆಲ್ಲಗೆ ಬಗ್ಗಿಸಿದರು. ಕಪ್ಪು ದ್ರವ ಮುಗಿದು ಗಸಿ ಬಂತು. ಗಸಿಯ ಹಿಂದೆ ಒಂದು ಬೆಳ್ಳಿಯ ಕಾಳು ಉರುಳಿ ತಟ್ಟೆಯ ಅಂಚಿಗೆ ಹೋಗಿ ನಿಂತಿತು. ಸಾಸಿವೆಯಷ್ಟು. ಅದರ ಹಿಂದೆ ಇನ್ನೆರಡು, ಕಣ್ಣಿಗೆ ಕಾಣಿಸಿಯೂ ಕಾಣಿಸದಷ್ಟು.

"ಭಾರದ ವಸ್ತು, ತಳದಲ್ಲೇ ಉಳಿದಿದೆ" ಎಂದರು ಪಂಡಿತರು. "ಇಷ್ಟೇ ಇದ್ದದ್ದು ಅಂತ ಹೇಳೋರು ಯಾರು? ದೊರೆ, ಊರಿಗೆ ಹೋಗಿ ಯಾರಾದರೂ ಲೇಡಿ ಡಾಕ್ಟರನ್ನ ಕರಕೊಂಡು ಬಾ."

ದೊರೆಸ್ವಾಮಿಯವರು ಬಾಯಿ ತೆರೆದು ನಿಂತರು. "ಇಂಗ್ಲಿಷ್ ಡಾಕ್ಟರನ್ನಾ? ನೀನಾ?"

"ನನಗೆ ತಿಳಿದ ಪಾದರಸ ಬೇರೆ. ಈ ಹಸೀ ಪಾದರಸದ ವಿಷಯ ಅವರಿಗೆ ಗೊತ್ತು. ಬೇಗ ಹೋಗು."

ಡಾಕ್ಟರು ಬರುವವರೆಗೆ ತಾಯಿ ಮಗುವಿಗೆ ಹಾಲು ಕೊಡಬಾರದೆಂದು ಪಂಡಿತರು ಹೇಳಿದರು. ಬಾಣಂತಿ ಕೋಣೆಯ ಕತ್ತಲಲ್ಲಿ ಶಿವನಂಜಮ್ಮನ ಮುಖ ನನಗೆ ಸರಿಯಾಗಿ ಕಾಣಲಿಲ್ಲ. ನನಗಿಂತ ಚಿಕ್ಕವಳು. "ಅಪ್ಪೋ, ಏನಾಯ್ತು? ಯಾಕೆ ಮಗೀನ ಕಿತ್ಕೋತೀರಿ?" ಎಂದು ಅತ್ತಳು.

ಕೆಂಪಯ್ಯ ನನ್ನ ಕಡೆ ನೋಡಿದರು. ತಟ್ಟೆಗೆ ಸೀಸೆ ಬಗ್ಗಿಸುವಾಗಲೇ ಪಂಡಿತರು ಅವರಿಗೆ ಎರಡು ಮಾತಿನಲ್ಲಿ ವಿಷಯ ಹೇಳಿದ್ದರು. ಬಾಗಿಲಿಗೆ ತಲೆ ತೂರಿಸಿ ಕೆಂಪಯ್ಯ ಮಗಳಿಗೆ ಹೇಳಿದರು: "ಏನಿಲ್ಲ ಕಣವ್ವ. ಸೀಸೆ ಸರ್ಯಾಗಿ ತೊಳೀದೆ ತಂದ್ಬುಟ್ಟೆ. ನಂದೇ ತಪ್ಪು. ಒಂದ್ ಗಳಿಗೆ ತಡಕೋ."

ಅಳುವಿಗಿಂತ ಆ ಮಾತು ನನ್ನನ್ನು ಹೆಚ್ಚು ಹೆದರಿಸಿತು. ಇವತ್ತು ಏನಾದರೂ ಆದರೆ ಈ ಮನುಷ್ಯ ತನ್ನ ಮನೆಯಲ್ಲಿ ಸಾಯುವವರೆಗೆ ಆ ತಪ್ಪನ್ನು ಹೊತ್ತುಕೊಂಡಿರುತ್ತಾರೆ. ನಾನು ಹೊಸಿಲ ಹತ್ತಿರ ಹೋದೆ. "ಅವರದ್ದಲ್ಲ ಶಿವನಂಜಮ್ಮ, ನನ್ನದು. ಗಾಜು ಒಡೆದದ್ದು ನಾನು. ಮುಚ್ಚಿಟ್ಟದ್ದೂ ನಾನು. ನಿಮ್ಮ ಅಪ್ಪನಿಗೆ ಏನೂ ಗೊತ್ತಿರಲಿಲ್ಲ" ಎಂದೆ.

ಆಮೇಲೆ ಕೆಂಪಯ್ಯ ಅಂಗಳದಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು. "ನಾನ್ ಬೆರಳದ್ದಿ ಏಳ್ದಾಗ ಪುಸ್ತಕದಾಗೆ ಏನಂತ ಬರ್ದ್ರಿ?"

"ಎಂಬತ್ತಾರು."

"ನನ್ ಬೆರಳ್ಗೆ ಅಷ್ಟು ಲೆಕ್ಕ ಬತ್ತದಾ?" ಅವರು ನಗಲು ನೋಡಿದರು, ಆಗಲಿಲ್ಲ. "ಒಡೆದೋಯ್ತು ಕೆಂಪಯ್ಯ ಅಂದಿದ್ರೆ ನಾನೇನ್ ಅಂತಿದ್ದೆ ಏಳಿ? ಓಗ್ಲಿ ಬುಡಿ ಅಂತಿದ್ದೆ." ಹಗ್ಗವನ್ನು ಅಲ್ಲೇ ಬಿಟ್ಟು ಹಿತ್ತಲ ಕಡೆ ಹೋದರು. ಬಹಳ ಹೊತ್ತು ಬರಲಿಲ್ಲ.

ಕೆಂಚಮ್ಮ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಮಗುವಿಗೆ ಹಾಕುತ್ತಿದ್ದರು. ನನ್ನನ್ನು ದಾಟುವಾಗ, "ಅಷ್ಟೊಂದ್ ಓದೀರಿ, ಒಂದ್ ಮಾತು ಏಳಾಕೆ ನಾಲ್ಗೆ ಬರ್ನಿಲ್ವಾ?" ಎಂದರು. ನಿಲ್ಲದೆ ಒಳಗೆ ಹೋದರು.

ನಾನು ಜಗಲಿಯ ಮೂಲೆಯಲ್ಲಿ ಕೂತೆ. ಮಗು ಅಳುತ್ತಿತ್ತು. ಅಳು ನಿಂತಾಗಲೆಲ್ಲ ನಾನು ಬಾಗಿಲ ಕಡೆ ಕಿವಿ ಕೊಡುತ್ತಿದ್ದೆ. ಒಮ್ಮೆ ಬಹಳ ಹೊತ್ತು ಸದ್ದಿಲ್ಲ. ಎದ್ದು ಹೋಗಿ ನೋಡುವ ಧೈರ್ಯ ನನಗಿರಲಿಲ್ಲ, ಕೂತಿರುವ ಶಕ್ತಿಯೂ ಇರಲಿಲ್ಲ. ಪಂಡಿತರು ಒಳಗಿನಿಂದ ಬಂದು ನನ್ನ ಪಕ್ಕ ನಿಂತು, ಯಾರಿಗೋ ಹೇಳುವ ಹಾಗೆ ಬೀದಿಯ ಕಡೆ ನೋಡುತ್ತಾ, "ನಿದ್ದೆ ಮಾಡ್ತಿದೆ. ಉಸಿರು ಚೆನ್ನಾಗಿದೆ" ಎಂದರು. ಮತ್ತೆ ಒಳಗೆ ಹೋದರು. ಮಧ್ಯಾಹ್ನದೊಳಗೆ ಹೀಗೆ ನಾಲ್ಕು ಸಲ ಬಂದು ಹೇಳಿದರು. ಅರವತ್ತು ದಾಟಿದ ಮನುಷ್ಯ, ಮಂಡಿನೋವು. ನಾಲ್ಕು ಸಲವೂ ಕುಂಟಿಕೊಂಡೇ ಬಂದರು.

ಡಾಕ್ಟರಮ್ಮ ಆಸ್ಪತ್ರೆಯ ಕೆಲಸ ಮುಗಿಸಿ ಬಂದಾಗ ಮೂರು ಗಂಟೆ ದಾಟಿತ್ತು. ಬಾಗಿಲು ಹಾಕಿಕೊಂಡು ತಾಯಿ ಮಗು ಇಬ್ಬರನ್ನೂ ನೋಡಿದರು. ವಸಡು, ನಾಲಿಗೆ, ಹೊಟ್ಟೆ, ಮಗುವಿನ ಬಟ್ಟೆ. ತಟ್ಟೆಯಲ್ಲಿದ್ದ ಕಾಳುಗಳನ್ನೂ ನೋಡಿದರು. ಹೊರಗೆ ಬಂದು ಕೈ ತೊಳೆಯುತ್ತಾ ಹೇಳಿದರು: "ಈ ರೂಪದ ಪಾದರಸ ಒಂದಿಷ್ಟು ಒಳಗೆ ಹೋಗಿದ್ದರೂ ಹೆಚ್ಚಾಗಿ ಹಾಗೇ ಆಚೆ ಬಂದುಬಿಡ್ತದೆ. ಈಗ ಇಬ್ಬರಲ್ಲೂ ಏನೂ ಕಾಣ್ತಿಲ್ಲ. ಹಾಲು ಕೊಡಲಿ. ಮೂರು ದಿನ ನಾನೇ ಬಂದು ನೋಡ್ತೀನಿ." ಆಮೇಲೆ ಸ್ವಲ್ಪ ಕಟುವಾಗಿ, "ಇನ್ನೊಂದು ವಾರ ತಡವಾಗಿದ್ದರೆ, ದಿನಾ ಕುಡೀತಾ ಹೋಗಿದ್ದರೆ, ಆಗ ಬೇರೆ ಮಾತು" ಎಂದರು.

ಒಳಗೆ ಮಗುವಿನ ಅಳು ಥಟ್ಟನೆ ನಿಂತಿತು. ಮೊಲೆ ಸಿಕ್ಕಿತ್ತು.

ಪಂಡಿತರು ಜಗಲಿಯಲ್ಲಿ ನನ್ನಿಂದ ಒಂದು ಮೊಳ ದೂರ ಕೂತರು. "ನಾಳೆ ಥರ್ಮಾಮೀಟರಿಗೆ ಬರೆದು ಹಾಕು. ಎರಡು ತರಿಸು. ತುದಿಗೆ ತಾಮ್ರದ ತಂತಿ ಬಲೆ ಕಟ್ಟಿಸಬೇಕು. ಅದು ನನಗೆ ಮೊದಲೇ ಹೊಳೀಬೇಕಿತ್ತು, ಹೊಳೀಲಿಲ್ಲ" ಎಂದರು. ನಾನು ಆಗ ಅತ್ತೆ. ಅವರು ನೋಡದವರ ಹಾಗೆ ಮಂಡಿ ನೀವಿಕೊಂಡರು.

ಡಾಕ್ಟರಮ್ಮನನ್ನು ಬಿಟ್ಟು ಬರಲು ಕಾರು ಮತ್ತೆ ಊರಿಗೆ ಹೋಯಿತು. ಪಂಡಿತರೂ ಅದರಲ್ಲೇ ಹೋದರು. ನಾನು ಹೋಗಲಿಲ್ಲ. ಕತ್ತಲಾಗುವ ಮೊದಲು ಒಮ್ಮೆ ನಾನೇ ಮಗುವಿನ ಉಸಿರು ನೋಡದೆ ಹೋಗಲಾರೆ ಎಂದೆ. ಕಾರು ಇನ್ನೊಂದು ಸಲ ಬರುತ್ತದೆ ಎಂದು ದೊರೆಸ್ವಾಮಿಯವರು ಹೇಳಿದರು.

ಮನೆಯೊಳಗೆ ದೀಪ ಹಚ್ಚಿದರು. ಕೆಂಪಯ್ಯ ಹಿತ್ತಲಿನಿಂದ ಬಂದು, ನನ್ನನ್ನು ಮಾತಾಡಿಸದೆ, ಬಿಟ್ಟಿದ್ದ ಹಗ್ಗ ಎತ್ತಿಕೊಂಡು ಹೊಸೆಯಲು ಕೂತರು. ನಾನು ಎದ್ದು ಹೋಗಬೇಕೋ, ಇರಬೇಕೋ ತಿಳಿಯದೆ ಕಂಬಕ್ಕೆ ಒರಗಿದ್ದೆ. ನಾಳೆ ಬೆಳಿಗ್ಗೆ ಏಣಿಯ ಆ ಸಡಿಲ ಮೆಟ್ಟಿಲ ಮುಂದೆ ನಾನು ಒಬ್ಬಳೇ ನಿಲ್ಲುತ್ತೇನೇನೋ ಎಂದು ಹೆದರಿಕೆಯಾಯಿತು. ಹೊಸಿಲಲ್ಲಿ ಬಳೆ ಸದ್ದಾಯಿತು. ಕೆಂಚಮ್ಮ ಕಂಚಿನ ತಟ್ಟೆಯಲ್ಲಿ ಅನ್ನ ಹಾಕಿ, ಬಾಣಂತಿಗೆಂದು ಮಾಡಿದ ಬೆಳ್ಳುಳ್ಳಿ ಮೆಣಸಿನ ಸಾರು ಬಡಿಸಿ, ಒಂದು ಬದಿಗೆ ತುಪ್ಪ ಬಿಟ್ಟು ತಂದಿದ್ದರು. ನನ್ನ ಕೈ ಹಿಡಿದು ಅಂಗೈ ಮೇಲೆ ತಟ್ಟೆ ಇಟ್ಟು, ಬಿಸಿ ತಾಗದಿರಲೆಂದು ಕೆಳಗೆ ತಮ್ಮ ಸೆರಗಿನ ತುದಿಯನ್ನು ಮಡಚಿ ಹಿಡಿದುಕೊಂಡರು.